ಉಂಗುರಕ್ಕೂ ಮೊದಲು

ಕ್ಷೌರದಂಗಡಿಯ ಷಟರನ್ನು ಅರ್ಧ ಮಾತ್ರ ಎತ್ತಿ, ಬಗ್ಗಿ ಒಳಗೆ ನುಗ್ಗಿದ ಸಿಡುಕ ದೀಪವನ್ನೂ ಹಾಕದೆ ಒಂದೊಂದೇ ಸಾಮಾನು ಎತ್ತಿ ಚೀಲಕ್ಕೆ ಹಾಕತೊಡಗಿದ. ಸೋಪಿನ ಬಟ್ಟಲು, ಬ್ರಷ್ಷು, ಪಟಿಕದ ತುಂಡು, ಒಗೆದು ಮಡಿಸಿಟ್ಟ ಬಿಳಿ ಬಟ್ಟೆ. ಕತ್ತಿಯ ಸರದಿ ಬಂದಾಗ ಕೈ ನಿಂತಿತು. ಅಂಗಡಿಯಲ್ಲಿ ಎರಡು ಕುರ್ಚಿ, ಎರಡು ಕತ್ತಿ. ತನ್ನದನ್ನು ಒಯ್ಯಬೇಕೋ, ತೀರಿಕೊಂಡ ಜೊತೆಗಾರನದನ್ನೋ? ಕೊನೆಗೆ ಅವನದನ್ನೇ ತೆಗೆದು ಚರ್ಮದ ಪಟ್ಟಿಯ ಮೇಲೆ ಎಳೆದೆಳೆದು ಹರಿತ ಮಾಡಿದ.

"ನಿನ್ನ ಕತ್ತಿಗೆ ನೀನೇ ಗಿರಾಕಿ ಆದೆಯಲ್ಲೋ," ಎಂದು ಗೊಣಗಿದ.

ಎದುರು ಸಾಲಿನ ಸ್ಕೂಟರ್ ಮೆಕ್ಯಾನಿಕ್ ಷಟರಿನ ಕೆಳಗಿಂದ ಇಣುಕಿದ. ಸಾವಿನ ಮನೆಗೆ ಹೊರಟವನು, ಒಗೆದ ಅಂಗಿ ತೊಟ್ಟಿದ್ದ; ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಿರಲಿಲ್ಲ.

"ಇದೇನಣ್ಣ, ಇವತ್ತೂ ಅಂಗಡಿ ತೆಗ್ದುಬಿಟ್ಯಾ?"

"ಕಣ್ಣು ನೆತ್ತಿ ಮೇಲಿದ್ಯೇನೋ? ಸಾಮಾನು ಒಯ್ಯೋಕೆ ಬಂದೆ. ಅವನಿಗೆ ಶೇವ್ ಮಾಡ್ಬೇಕು. ಆಸ್ಪತ್ರೇಲಿ ಮಲಗಿ ಮಲಗಿ ಗಡ್ಡ ಕಾಡು ಬೆಳೆದಂಗೆ ಬೆಳೆದಿದೆ. ಹೀಗೇ ಕಳಿಸೋದು ಬೇಡ ಅಣ್ಣ ಅಂತ ಅವನ ಹೆಂಡ್ತಿ ಅತ್ಲು."

"ಹೆಣದ ಪೆಟ್ಟಿಗೆ ತರೋರು ಅದನ್ನೂ ಮಾಡ್ತಾರಂತಲ್ಲ?"

"ಅವರು ಮರ ಹೆರೆಯೋರಪ್ಪ. ಮುಖ ಹೆರೆಯೋಕೆ ಅವರಿಗೇನು ಗೊತ್ತು?"

ಸಿಡುಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ತೀರಿಕೊಂಡವನಿಗೂ ಬೀದಿಯೇ ನಾಮಕರಣ ಮಾಡಿತ್ತು: ಉಪದೇಶಿ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿದ್ದೇ ತಡ, ಅವನು ಯೇಸುಸ್ವಾಮಿಯ ಸುದ್ದಿ ಎತ್ತುತ್ತಿದ್ದ. ನೊರೆ ಮೆತ್ತಿದ ಬಾಯಿ ತೆರೆಯುವಂತಿಲ್ಲ, ಕತ್ತಿ ಗಂಟಲ ಮೇಲಿರುವಾಗ ಎದ್ದು ಓಡುವಂತೆಯೂ ಇಲ್ಲ. ಉಪದೇಶ ಬೇಡವೆನ್ನುವವರು ಪಕ್ಕದ ಸಿಡುಕನ ಕುರ್ಚಿಗೆ ಕಾಯುತ್ತಿದ್ದರು. ಅಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಬ್ಬನ ಮಾತಿನಿಂದ ಇನ್ನೊಬ್ಬನಿಗೆ ಗಿರಾಕಿ ಹೆಚ್ಚಿ, ಅಂಗಡಿ ಹೇಗೋ ನಡೆದುಕೊಂಡು ಬಂದಿತ್ತು.

ಷಟರ್ ಎಳೆದು, ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸಿಡುಕ ನಡೆದ. ಅವನನ್ನು ಕಾಡುತ್ತಿದ್ದುದು ಒಂದು ಮಾತು. ಮೊನ್ನೆ ಸಂಜೆ ಆಸ್ಪತ್ರೆಯ ಮಂಚದ ಮೇಲಿಂದ ಉಪದೇಶಿ ಅವನ ಮಣಿಕಟ್ಟು ಹಿಡಿದು ಕೇಳಿದ್ದ: "ಇಷ್ಟು ವರ್ಷ ಬಡ್ಕೊಂಡೆನಲ್ಲ ಕಣಯ್ಯ, ಒಬ್ಬನ ಕಿವಿಗಾದ್ರೂ ಬಿತ್ತೇನೋ? ನೀನು ಪಕ್ಕದಲ್ಲೇ ಇದ್ದವನು. ಸುಳ್ಳು ಹೇಳೋನಲ್ಲ. ಹೇಳು."

"ಸುಮ್ನೆ ಮಲಕ್ಕೋ. ಮಾತಾಡ್ಬಾರ್ದು ಅಂದಿದಾರೆ ಡಾಕ್ಟ್ರು," ಎಂದಿದ್ದ ಸಿಡುಕ.

ಉಪದೇಶಿ ಗೋಡೆಯ ಕಡೆ ತಿರುಗಿ ಮಲಗಿದ. ಮಾರನೆಯ ದಿನ ಸಿಡುಕ ಹೋಗುವಷ್ಟರಲ್ಲಿ ಮಂಚದ ಸುತ್ತ ಪರದೆ ಎಳೆದಿದ್ದರು. ಒಂದು ಉತ್ತರ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಆಗಿನಿಂದ ಅವನು ತನ್ನನ್ನೇ ಶಪಿಸಿಕೊಳ್ಳುತ್ತಿದ್ದ.

* * *

ಅಂಗಡಿ ತೆಗೆದ ಹೊಸದರಲ್ಲೇ ಇಬ್ಬರ ನಡುವೆ ಒಂದು ಒಪ್ಪಂದ ಆಗಿತ್ತು. ತನ್ನ ತಲೆಗೂದಲನ್ನು ತಾನೇ ಕತ್ತರಿಸಿಕೊಳ್ಳುವ ಕ್ಷೌರಿಕ ಎಲ್ಲೂ ಇಲ್ಲ. ರಜೆಯ ದಿನ ಬಾಗಿಲು ಹಾಕಿಕೊಂಡು ಇವನು ಅವನಿಗೆ, ಅವನು ಇವನಿಗೆ ಕತ್ತರಿ ಹಿಡಿಯಬೇಕು. ಮೊದಲ ಸಲ ಉಪದೇಶಿ ಹಿಂದೆ ನಿಂತು ಬಟ್ಟೆ ಹೊದಿಸಿ, "ನೋಡಯ್ಯ, ದೇವರು..." ಎನ್ನುವಷ್ಟರಲ್ಲಿ ಸಿಡುಕ ಕೈ ಎತ್ತಿದ. ಆಗ ಅವನ ಹೆಂಡತಿಯನ್ನು ಮಣ್ಣು ಮಾಡಿ ಹೆಚ್ಚು ದಿನ ಆಗಿರಲಿಲ್ಲ.

"ನನ್ನ ತಲೆಗೆ ಕತ್ತರಿ ಹಾಕು, ಉಪದೇಶ ಹಾಕ್ಬೇಡ. ಆ ನಿನ್ನ ದೇವರ ವಿಷಯ ನನ್ನ ಹತ್ರ ಎತ್ತಿದ ದಿನ ಈ ಅಂಗಡಿ ಎರಡು ಪಾಲಾಗುತ್ತೆ."

"ಆಯ್ತು ಬಿಡಪ್ಪ. ನಿನ್ನ ಹತ್ರ ಎತ್ತಲ್ಲ," ಎಂದ ಉಪದೇಶಿ.

ಆಡಿದಂತೆ ನಡೆದುಕೊಂಡ. ಸಿಡುಕನ ತಲೆಯ ಹಿಂದೆ ನಿಂತಾಗಲೆಲ್ಲ ಸೆಕೆಯ ಬಗ್ಗೆ, ಮಗಳ ಓದಿನ ಬಗ್ಗೆ, ತೊಟ್ಟಿಕ್ಕುವ ನಲ್ಲಿಯ ಬಗ್ಗೆ ಮಾತಾಡಿದನೇ ಹೊರತು ಬೇರೇನೂ ಇಲ್ಲ. ಆದರೆ ತನ್ನ ಗಿರಾಕಿಗಳ ಹತ್ತಿರ ಅವನ ಗಂಟಲು! ಬೀದಿಯ ಕೊನೆಯವರೆಗೆ ಕೇಳಬೇಕು. ಹೇಳುವ ಬೈಬಲಿನ ಕತೆಯೂ ಹೆಚ್ಚು ಕಡಿಮೆ ಒಂದೇ. ಮನೆ ಬಿಟ್ಟು ಹೋದ ಉಡಾಳ ಮಗ, ದಾರಿ ಕಾಯುವ ಅಪ್ಪ. ಮಗ ಹಾಳಾಗಿ, ಹಂದಿ ಮೇಯಿಸಿ, ತಿರುಗಿ ಬಂದಾಗ ಅಪ್ಪ ಓಡಿ ಹೋಗಿ ತಬ್ಬಿಕೊಳ್ಳುತ್ತಾನೆ, ಉಂಗುರ ತೊಡಿಸುತ್ತಾನೆ, ಒಳ್ಳೆಯ ಬಟ್ಟೆ ತರಿಸುತ್ತಾನೆ. ಅಲ್ಲಿಗೆ ಬಂದಾಗ ಉಪದೇಶಿ ಕತ್ತಿ ಎತ್ತಿ ಹಿಡಿದು, ಕನ್ನಡಿಯತ್ತ ನೋಡಿ ಕೇಳುತ್ತಿದ್ದ: "ಉಂಗುರಕ್ಕೂ ಮೊದಲು ಅಪ್ಪ ಯಾರನ್ನ ಕರೆಸಿದ, ಹೇಳು ನೋಡೋಣ?"

ಗಿರಾಕಿ ನೊರೆಯೊಳಗಿಂದ "ಊಂ" ಎನ್ನಬೇಕು, ಅಷ್ಟೇ.

"ಕ್ಷೌರದವನನ್ನ!"

ಒಮ್ಮೆ ಚರ್ಚಿನ ಹೊಸ ಪಾದ್ರಿಯೇ ಆ ಕುರ್ಚಿಯಲ್ಲಿ ಕೂತು ಇದನ್ನು ಕೇಳಿ, ತುಟಿ ಒರೆಸಿಕೊಂಡು, "ಅಣ್ಣ, ಅದು ಗ್ರಂಥದಲ್ಲಿ ಇಲ್ಲವಲ್ಲ," ಎಂದಿದ್ದರು.

"ಅಯ್ಯನವರೇ, ಹಂದಿ ಕೊಟ್ಟಿಗೆಯಿಂದ ಎದ್ದು ಬಂದ ಗಡ್ಡ ಅದು. ಅದರ ಮೇಲೆ ಹೊಸ ಬಟ್ಟೆ ಹಾಕಿಸ್ತಾನಾ ಯಾವ ಅಪ್ಪನಾದ್ರೂ? ಬರೆಯೋರು ಬಿಟ್ಟಿರ್ತಾರೆ ಬಿಡಿ. ನಮ್ಮ ಕಸುಬು ಯಾರ ಕಣ್ಣಿಗೆ ಬಿದ್ದಿದೆ ಹೇಳಿ?"

ಸಿಡುಕ ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡೇ ಕತ್ತರಿ ಆಡಿಸುತ್ತಿದ್ದ. ನಗು ಬಂದಿದ್ದನ್ನು ಕೆಮ್ಮಿ ಅಡಗಿಸಿದ್ದ.

* * *

ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮೆಕ್ಯಾನಿಕ್, ಮೂಲೆಯಂಗಡಿಯ ಟೈಲರ್, ಇನ್ನೂ ಕೆಲವು ಗಿರಾಕಿಗಳು. ಅತ್ತವರು ಅತ್ತಾಗಿತ್ತು. ಈಗ ಪೆಟ್ಟಿಗೆ ಬರುವುದನ್ನು ಕಾಯುತ್ತಾ ಆಕಳಿಸುವ ಹೊತ್ತು.

"ನನ್ನ ಮದುವೆ ದಿನ ಬೆಳಿಗ್ಗೇನೂ ಬಿಡಲಿಲ್ಲ ಪುಣ್ಯಾತ್ಮ," ಎಂದ ಟೈಲರ್. "ನನಗೋ ಹೊತ್ತಾಗ್ತಿದೆ, ಇವನು ಆ ಅಪ್ಪನ್ನ ಇನ್ನೂ ಓಡಿಸ್ತಾನೇ ಇದಾನೆ."

"ನಂಬಿದೆಯಾ ಮತ್ತೆ?" ಎಂದ ಪಕ್ಕದವನೊಬ್ಬ.

"ಎಲ್ಲಿ! ಈ ಕಿವೀಲಿ ಕೇಳಿ ಆ ಕಿವೀಲಿ ಬಿಟ್ಟೆ."

"ನಾನೂ ಅಷ್ಟೇ," ಎಂದ ಮೆಕ್ಯಾನಿಕ್. ಉಗುರಿನ ಗ್ರೀಸು ಕೆರೆಯುತ್ತಾ, "ಆದ್ರೆ ಹೋದ ವರ್ಷ ಬಾಯಿ ಮುಚ್ಕೊಂಡ ನೋಡು, ಆಮೇಲೆ ಆ ಕುರ್ಚೀಲಿ ಕೂತ್ರೆ ಯಾಕೋ ಶೇವು ಅರ್ಧಕ್ಕೇ ಬಿಟ್ಟಂಗೆ ಅನ್ಸೋದಪ್ಪ," ಎಂದ.

ಮೆಟ್ಟಿಲ ಮೇಲೆ ಕೂತಿದ್ದ ಪಾದ್ರಿ ಎದ್ದು ಸಿಡುಕನ ಬಳಿ ಬಂದರು. ವಯಸ್ಸು ಚಿಕ್ಕದು, ಕಣ್ಣ ಕೆಳಗೆ ಮಾತ್ರ ಮುದುಕರ ಚೀಲ.

"ಅಣ್ಣ, ಅವರ ಬಗ್ಗೆ ಇವತ್ತು ಏನು ಹೇಳ್ಲಿ? ನನಗೇ ಮಾತು ಹೊರಡ್ತಿಲ್ಲ. ಖಾಲಿ ಬೆಂಚುಗಳಿಗೆ ಹೇಳಿ ಹೇಳಿ ಸಾಕಾಗಿಹೋಗಿದೆ. ಅವರನ್ನ ನೋಡಿ ದಿನ ನೂಕ್ತಿದ್ದೆ, ಕೊನೇಲಿ ಅವರೂ ಕೈಚೆಲ್ಲಿದ್ರು. ನಿಮ್ಮ ಹತ್ರ ಎಷ್ಟೋ ಹೇಳಿರ್ಬೇಕಲ್ಲ?"

"ನನ್ನ ಹತ್ರ ಒಂದು ದಿನಾನೂ ಹೇಳಿಲ್ಲ ಸ್ವಾಮಿ," ಎಂದ ಸಿಡುಕ. ಹೇಳುವಾಗ ಎದೆಯಲ್ಲಿ ಎಂಥದೋ ಚುಚ್ಚಿತು. ಬೇಡವೆಂದವನು ತಾನೇ, ಆದರೂ ಊರಿಗೆಲ್ಲ ಬಡಿಸಿದವನು ತನ್ನ ಎಲೆಗೆ ಒಂದು ತುತ್ತೂ ಹಾಕಲಿಲ್ಲವಲ್ಲ ಎನಿಸಿತು.

* * *

ಉಪದೇಶಿಯ ಬಾಯಿ ಕಟ್ಟಿದ್ದು ಹೋದ ವರ್ಷ ಒಂದು ಭಾನುವಾರ. ಸೋಮವಾರ ಬಂದವನು ಗಿರಾಕಿಯ ಮುಖಕ್ಕೆ ನೊರೆ ಹಚ್ಚಿದ, ಕೆರೆದ, ತೊಳೆದ, ಕಳಿಸಿದ. ಒಂದು ಮಾತಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಸಿಡುಕನೇ ತಡೆಯಲಾರದೆ ಕೇಳಿದ, "ಯಾಕೆ, ಗಂಟಲು ನೋವಾ?"

"ನಿನ್ನೆ ಚರ್ಚಲ್ಲಿ, ಯಾರ್ಯಾರು ಹೊಸಬರನ್ನ ಕರ್ಕೊಂಡು ಬಂದಿದೀರೋ ಎದ್ದು ನಿಲ್ಲಿ ಅಂದ್ರು. ಎಷ್ಟೋ ಜನ ಎದ್ರು. ಎಲ್ಲರ ಪಕ್ಕದಲ್ಲೂ ಒಬ್ಬೊಬ್ಬರು ಇದ್ರು ಕಣಯ್ಯ. ನನ್ನ ಪಕ್ಕದಲ್ಲಿ ನನ್ನ ಕೊಡೆ ಒಂದೇ ಇತ್ತು." ಅವನು ನಗಲು ನೋಡಿದ, ಆಗಲಿಲ್ಲ. "ಬಂಡೆ ಮೇಲೆ ನೀರು ಹೊಯ್ದಿದ್ದಾಯ್ತು. ಇನ್ನು ನಿನ್ನಂಗೆ ನಾನೂ ಬಾಯಿ ಮುಚ್ಕೊಂಡು ಕೆಲಸ ಮಾಡ್ತೀನಿ."

ಪೀಡೆ ತೊಲಗಿತು ಎಂದುಕೊಂಡ ಸಿಡುಕ. ಮೊದಮೊದಲು ನೆಮ್ಮದಿಯೇ ಆಯಿತು. ಆಮೇಲಾಮೇಲೆ ಫ್ಯಾನಿನ ಕಿರಿಕಿರಿ ಕೇಳಿಸತೊಡಗಿತು, ಗೋಡೆ ಗಡಿಯಾರ ಕೇಳಿಸತೊಡಗಿತು. ಒಂದು ದಿನ, ಎಂದೂ ತಪ್ಪದ ಸಿಡುಕನ ಕೈ ತಪ್ಪಿ ಗಿರಾಕಿಯ ಗಲ್ಲದಲ್ಲಿ ರಕ್ತ ಬಂತು. ಪಟಿಕ ಒತ್ತುತ್ತಾ ಸಿಡುಕ ಪಕ್ಕಕ್ಕೆ ನೋಡಿದ. ಉಪದೇಶಿ ತಲೆ ತಗ್ಗಿಸಿ ಬ್ರಷ್ಷು ತೊಳೆಯುತ್ತಿದ್ದ. 'ಮಾತಾಡೋ, ಏನಾದ್ರೂ ಮಾತಾಡು' ಎಂಬ ಮಾತು ಸಿಡುಕನ ತುದಿನಾಲಗೆಗೆ ಬಂದಿತ್ತು. ಆದರೆ ಇಷ್ಟು ವರ್ಷ ಬಿಗಿದುಕೊಂಡ ಮುಖವನ್ನು ಒಂದು ದಿನದಲ್ಲಿ ಸಡಿಲಿಸುವುದು ಹೇಗೆ? ನುಂಗಿಕೊಂಡ.

* * *

ಒಳಕೋಣೆಯಲ್ಲಿ ಉಪದೇಶಿಯನ್ನು ಮಂಚದ ಮೇಲೆ ಮಲಗಿಸಿದ್ದರು. ಮಗಳು ಇಸ್ತ್ರಿ ಮಾಡಿದ ಹೊಸ ಅಂಗಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದ್ದಳು. ಹೆಂಡತಿ ಕಿಟಕಿಯ ಬೆಳಕಿಗೆ ಕೂತು, ಅವನ ಮದುವೆಯ ಉಂಗುರಕ್ಕೆ ದಾರ ಸುತ್ತುತ್ತಿದ್ದಳು. ಬೆರಳು ಎಷ್ಟು ಸಣ್ಣಗಾಗಿತ್ತೆಂದರೆ ಉಂಗುರ ನಿಲ್ಲುತ್ತಿರಲಿಲ್ಲ.

"ಬನ್ನಿ ಅಣ್ಣ. ನಿಮಗೇ ಕಾಯ್ತಿದ್ವಿ. ಶೇವಾದ ಮೇಲೆ ಇದನ್ನ ಹಾಕ್ತೀನಿ."

ಸಿಡುಕ ಸ್ನೇಹಿತನ ಕತ್ತಿನ ಸುತ್ತ ಬಿಳಿ ಬಟ್ಟೆ ಸಿಕ್ಕಿಸಿ, ಬಟ್ಟಲಲ್ಲಿ ಬ್ರಷ್ಷು ತಿರುಗಿಸತೊಡಗಿದ.

"ಮನೆ ಎಷ್ಟು ಬಿಕೋ ಅಂತಿದೆ," ಎಂದ, ಏನಾದರೂ ಹೇಳಬೇಕಲ್ಲ ಎಂದು. "ಇವನ ಗಂಟಲು ಇಲ್ಲದೆ ನಿಮಗೆ ಹೇಗೆ ಹೊತ್ತು ಹೋಗುತ್ತೋ."

ಹೆಂಡತಿ ತಲೆಯೆತ್ತಿದಳು. "ಇವರ ಗಂಟಲಾ?"

"ಮತ್ತೆ? ಅಂಗಡೀಲಿ ಇವನು ಬಾಯಿ ಬಿಟ್ರೆ ಬೀದಿ ಕೊನೆಗೆ ಕೇಳೋದು."

"ಯಾರ ವಿಷಯ ಹೇಳ್ತಿದೀರೋ ಅಣ್ಣ. ಇವರು ಮಾತಾಡಿದ್ರೆ, ಏನಂದ್ರಿ, ಏನಂದ್ರಿ ಅಂತ ಮತ್ತೆ ಮತ್ತೆ ಕೇಳ್ಬೇಕಿತ್ತು ನಾನು."

"ಪ್ರಾರ್ಥನೇನೂ ಪಿಸುಪಿಸು ಅಂತಲೇ ಚಿಕ್ಕಪ್ಪ," ಎಂದಳು ಮಗಳು. "ಅಪ್ಪ ದನಿ ಎತ್ತಿದ್ದು ನಾನಂತೂ ಕೇಳೇ ಇಲ್ಲ."

ಬ್ರಷ್ಷು ಬಟ್ಟಲಲ್ಲೇ ನಿಂತಿತು. ಗಿರಾಕಿಯ ಕಿವಿ ಇರುವುದು ಕ್ಷೌರಿಕನ ಬಾಯಿಯಿಂದ ಒಂದು ಗೇಣು ದೂರದಲ್ಲಿ. ಅವನಿಗೆ ಹೇಳಲು ಅಷ್ಟು ಕಿರುಚಬೇಕೆ? ಗಿರಾಕಿಯ ಮುಖ ಕೈಯಲ್ಲೇ ಇರುವಾಗ ಆ ಕೊನೆಯ ಪ್ರಶ್ನೆಯನ್ನು ಕನ್ನಡಿಗೆ ಯಾಕೆ ಕೇಳಬೇಕು? ಎರಡು ಕುರ್ಚಿಗೂ ಸೇರಿ ಇದ್ದದ್ದು ಒಂದೇ ಉದ್ದ ಕನ್ನಡಿ. ಅದರಲ್ಲಿ ಅವನ ಮುಖದ ಪಕ್ಕದಲ್ಲಿ ಯಾವಾಗಲೂ ಇದ್ದ ಮುಖ ಇನ್ನಾರದು, ತನ್ನದಲ್ಲದೆ?

"ಎಲಾ ಕಳ್ಳ," ಎಂದ ಸಿಡುಕ.

"ಏನು ಚಿಕ್ಕಪ್ಪ?"

"ಏನಿಲ್ಲಮ್ಮ. ಇನ್ನೊಂಚೂರು ಬಿಸಿನೀರು ತಾ."

ಅವಳು ಅತ್ತ ಹೋದ ಮೇಲೆ ಅವನಿಗೆ ಅಳು ಒತ್ತರಿಸಿಕೊಂಡು ಬಂತು. ತನ್ನ ಹೆಂಡತಿ ಸತ್ತಾಗಲೂ ಹೀಗೆ ಅತ್ತಿರಲಿಲ್ಲ. ತೋಳಿನಲ್ಲಿ ಮೂಗು ಒರೆಸಿಕೊಂಡು ನೊರೆ ಹಚ್ಚಿದ. ತಣ್ಣಗಿನ ಕೆನ್ನೆ. ಕತ್ತಿ ಎತ್ತಿದರೆ ಕೈ ಮುಂದಕ್ಕೆ ಹೋಗಲೊಲ್ಲದು. ಅದು ಕಾಯುತ್ತಿತ್ತು, ಪಕ್ಕದಿಂದ ಆ ದನಿ ಬರಲಿ ಎಂದು.

"ಒಬ್ಬ ಅಪ್ಪ ಇದ್ದ," ಎಂದ ಸಿಡುಕ.

ದನಿ ಒಡೆದಿತ್ತು. ಕೆಮ್ಮಿ ಸರಿಮಾಡಿಕೊಂಡ. "ಒಬ್ಬ ಅಪ್ಪ ಇದ್ದ. ಅವನಿಗೊಬ್ಬ ಉಡಾಳ ಮಗ. ದುಡ್ಡಿರೋವರೆಗೂ ಊರೆಲ್ಲ ನೆಂಟರು, ದುಡ್ಡು ಹೋದ ಮೇಲೆ ಹಂದಿಗಳೇ ನೆಂಟರು..."

ಒಂದು ಮಾತೂ ತಪ್ಪಲಿಲ್ಲ. ಎಲ್ಲಿ ಉಸಿರೆಳೆಯಬೇಕು, ಎಲ್ಲಿ ತಡೆದು ನಿಲ್ಲಬೇಕು, ಎಲ್ಲವೂ ಉಪದೇಶಿಯದೇ ಎಂಬಂತೆ ಬಾಯಿಗೆ ಬಂತು. ಹೊರಗೆ ಹರಟೆ ನಿಂತಿತು. ಕುರ್ಚಿ ಎಳೆದ ಸದ್ದಾಯಿತು.

"ಜೋರಾಗಿ ಹೇಳಣ್ಣ," ಎಂದ ಮೆಕ್ಯಾನಿಕ್ ಹೊರಗಿನಿಂದ. "ಇಲ್ಲಿಗೆ ಕೇಳಿಸ್ತಿಲ್ಲ."

ಸಿಡುಕ ದನಿ ಎತ್ತಿದ. ಎಂದೂ ಎತ್ತದ ದನಿ, ಅಪ್ಪ ಓಡುವ ಕಡೆ ಮತ್ತೊಮ್ಮೆ ಬಿರಿಯಿತು. "ವಯಸ್ಸಾದ ಮನುಷ್ಯ ಕಣಯ್ಯ! ಚಪ್ಪಲಿ ಬಿದ್ದುಹೋಗಿದ್ದೂ ಗೊತ್ತಾಗ್ಲಿಲ್ಲ, ಹಂಗೆ ಓಡಿದ. ಉಂಗುರ ತನ್ನಿ ಅಂದ. ಒಳ್ಳೇ ಬಟ್ಟೆ ತನ್ನಿ ಅಂದ. ಆದ್ರೆ ಉಂಗುರಕ್ಕೂ ಮೊದಲು ಅಪ್ಪ ಯಾರನ್ನ ಕರೆಸಿದ, ಹೇಳು ನೋಡೋಣ?"

ಕತ್ತಿ ಎತ್ತಿ ಹಿಡಿದು ಕಾದ. ನೊರೆಯೊಳಗಿಂದ "ಊಂ" ಬರಲಿಲ್ಲ. ಹೆಂಡತಿಯ ಕೈಯಲ್ಲಿ ದಾರ ನಿಂತಿತ್ತು.

"ಕ್ಷೌರದವನನ್ನ," ಎಂದರು ಬಾಗಿಲಲ್ಲಿ ನಿಂತ ಪಾದ್ರಿ, ಮೆಲ್ಲಗೆ.

"ಜೋರಾಗಿ ಹೇಳಿ ಅಯ್ಯನವರೇ. ಇವನಿಗೆ ಕೇಳಿಸ್ಬೇಕು."

"ಕ್ಷೌರದವನನ್ನ!"

ಸಿಡುಕ ಎಡಗೈಯಿಂದ ಕೆನ್ನೆಯನ್ನು ಬಿಗಿ ಹಿಡಿದು, ಕಿವಿಯ ಬುಡದಿಂದ ಮೊದಲ ಎಳೆ ಎಳೆದ. ನೊರೆ ಸರಿದ ಕಡೆ ಸ್ನೇಹಿತನ ಮುಖ ನುಣ್ಣಗೆ ಕಾಣಿಸಿತು. ಗೋಡೆಯ ಮೊಳೆಯಲ್ಲಿ ಹೊಸ ಅಂಗಿ ಕಾಯುತ್ತಿತ್ತು.