ದರ್ಜಿಯ ಹದಿನಾಲ್ಕು ಅಳತೆ ಪುಸ್ತಕಗಳು

ಕಾಗದ ಬಂದು ಆರು ದಿನವಾಗಿತ್ತು. ದರ್ಜಿ ಅದನ್ನು ಗುಂಡಿಗಳ ಡಬ್ಬಿಯ ಕೆಳಗೆ ತಳ್ಳಿ ಸುಮ್ಮನಿದ್ದ. 'ಈ ದೇಶದಲ್ಲಿರಲು ನಿಮಗಿದ್ದ ಅನುಮತಿ ಮುಗಿದಿದೆ. ಗುರುವಾರ ವಿಚಾರಣೆಗೆ ಬನ್ನಿ. ಬಾರದಿದ್ದರೆ ಹೊರಗೆ ಕಳುಹಿಸಲಾಗುವುದು' ಎಂದಿತ್ತು ಅದರಲ್ಲಿ. ಅವನು ಬೇರೆ ದೇಶದಿಂದ ಬಂದು ಹದಿನಾಲ್ಕು ವರ್ಷವಾಗಿತ್ತು. ಮಗಳು ಹುಟ್ಟಿದ್ದೇ ಈ ಬೀದಿಯಲ್ಲಿ.

ಬುಧವಾರ, ದರ್ಜಿಯ ಹೆಂಡತಿ ಹೇಳಿಕಳುಹಿಸಿದ್ದರಿಂದ, ಅಂಗಡಿಗೆ ಫೈಲಕ್ಕ ಬಂದಳು. ಉಚಿತ ಕಾನೂನು ನೆರವು ಕೇಂದ್ರದವಳು. ಕಂಕುಳಲ್ಲಿ ಸದಾ ಫೈಲು ಇರುವುದರಿಂದ ಆ ಹೆಸರು.

"ಎಲ್ಲಿಗಣ್ಣ ಗಂಟುಮೂಟೆ?"

"ಭಾವಮೈದುನನ ಮನೆಗೆ. ಸ್ವಲ್ಪ ದಿನ ಯಾರ ಕಣ್ಣಿಗೂ ಬೀಳದೆ ಇರೋಣ ಅಂತ."

"ಹೈಕೋರ್ಟ್ ತೀರ್ಪು ಬಂದಿದ್ಯಲ್ಲಣ್ಣ. ಅವರ ಮಾತು ಕೇಳದೆ ಯಾರನ್ನೂ ಹೊರಗೆ ಕಳಿಸೋ ಹಾಗಿಲ್ಲ, ಇಲ್ಲಿ ಬಾಳಿದ ವರ್ಷಗಳನ್ನೂ ನೋಡ್ಬೇಕು ಅಂತ."

"ಕೇಳಿದೆ. ಮೂವರು ಜಡ್ಜುಗಳಲ್ಲಿ ಒಬ್ಬರು ಒಪ್ಪಿಲ್ಲ. ಅವರವರಲ್ಲೇ ಒಮ್ಮತ ಇಲ್ಲ, ಇನ್ನು ನನ್ನ ಗತಿ?"

ಒಳಗಿನಿಂದ ಹೆಂಡತಿ ಅಂದಳು: "ನಾನೂ ಮಗಳೂ ಒಂದು ಕಡೆ ಆದ್ರೆ ಈ ಮನೇಲಿ ನಿಮ್ಮ ಮಾತು ಎಂದಾದ್ರೂ ನಡೆದಿದ್ಯಾ?"

ಫೈಲಕ್ಕ ನಕ್ಕಳು. "ಅಷ್ಟೇ ಅಣ್ಣ. ಇಬ್ಬರು ಹೇಳಿದ್ದೇ ತೀರ್ಪು. ಆದ್ರೆ ಅದು ನಿಮ್ಮನ್ನ ಹುಡುಕ್ಕೊಂಡು ಮನೆಗೆ ಬರಲ್ಲ. ನೀವೇ ಹೋಗಿ ಕೇಳ್ಬೇಕು."

"ಇಷ್ಟು ವರ್ಷ ಇಲ್ಲೇ ಇದ್ದೆ ಅನ್ನೋಕೆ ನನ್ನ ಹತ್ರ ಏನಿದೆ?"

ಅವಳ ಕಣ್ಣು ಬಾಗಿಲ ಬಳಿಯ ರಾಶಿಯ ಮೇಲೆ ಬಿತ್ತು. ವರ್ಷಕ್ಕೊಂದರಂತೆ ಹದಿನಾಲ್ಕು ಅಳತೆ ಪುಸ್ತಕ. ಮೊದಲ ವರ್ಷ ಒಬ್ಬ ಗಿರಾಕಿ ಪ್ಯಾಂಟು ಗಿಡ್ಡವಾಯಿತೆಂದು ಜಗಳ ತೆಗೆದಿದ್ದ. ಅಂದಿನಿಂದ ದರ್ಜಿ ಪ್ರತಿ ಅಳತೆಯ ಕೆಳಗೆ ತಾರೀಖು ಬರೆದು ಗಿರಾಕಿಯ ಸಹಿ ಹಾಕಿಸುತ್ತಿದ್ದ. ಬೀದಿಯೆಲ್ಲ ಅದಕ್ಕೆ ನಗುತ್ತಿತ್ತು.

"ಇವು ಯಾಕೆ ಇಲ್ಲಿ?"

"ರದ್ದಿಗೆ ಹಾಕೋಣ ಅಂತ."

"ಹಾಕಿ ನೋಡಿ, ನಿಮ್ಮ ಕತ್ತರಿ ಕಿತ್ಕೊಂಡು ಹೋಗ್ತೀನಿ."

ಗುರುವಾರ ವಿಚಾರಣೆಯಲ್ಲಿ ಅಧಿಕಾರಿ ಆ ಪುಸ್ತಕಗಳ ಪುಟ ತಿರುವಿದರು. ಸಹಿ ಹಾಕಿದವರಲ್ಲಿ ಫೈಲಕ್ಕ ಕರೆತಂದ ಹನ್ನೊಂದು ಜನ ಗೋಡೆಗೆ ಒರಗಿ ನಿಂತಿದ್ದರು.

"ಈ ಪೋಸ್ಟ್‌ಮ್ಯಾನ್ ಯಾರು? ಸೊಂಟ ಇಪ್ಪತ್ತೆಂಟರಿಂದ ನಲವತ್ತಕ್ಕೆ ಬಂದಿದೆ."

"ನಾನೇ ಸ್ವಾಮಿ. ಅದನ್ನ ದಾಖಲೆಗೆ ಸೇರಿಸ್ಬೇಡಿ."

"ಸೇರಿಸಲೇಬೇಕು. ಹದಿನಾಲ್ಕು ವರ್ಷಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗಲ್ಲ."

ದರ್ಜಿಯೂ ನಕ್ಕ. ಕಾಗದ ಬಂದ ಮೇಲೆ ಅದೇ ಮೊದಲು.

ಸಂಜೆಯೊಳಗೆ ಆದೇಶ ಕೈಗೆ ಬಂತು: ಅವನನ್ನು ಹೊರಗೆ ಕಳುಹಿಸುವುದಿಲ್ಲ, ಹೊಸ ಅನುಮತಿಗೆ ಅರ್ಜಿ ಹಾಕಬಹುದು. ಹನ್ನೊಂದು ಜನರೂ ಅವನನ್ನು ನಡುವೆ ಇಟ್ಟುಕೊಂಡು ಬೀದಿಯುದ್ದಕ್ಕೂ ನಡೆದರು. ಮರುದಿನ ಅವನು ಹದಿನೈದನೆಯ ಪುಸ್ತಕ ತೆರೆದ. ಮೊದಲ ಅಳತೆ ಫೈಲಕ್ಕನದು.

"ಸಹಿ ಹಾಕಕ್ಕ," ಅಂದ. ಈ ಸಲ ಯಾರೂ ನಗಲಿಲ್ಲ.

ನಿಮ್ಮ ಮನೆಗೂ ಇಂಥ ಕಾಗದ ಬಂದಿದ್ದರೆ ಅಡಗಿಸಿಡಬೇಡಿ. ತಾರೀಖು ನೋಡಿ, ಇನ್ನೊಮ್ಮೆ ನೋಡಿ. ಎಲ್ಲರಿಗೂ ದರ್ಜಿಗೆ ಸಿಕ್ಕ ಉತ್ತರವೇ ಸಿಗುತ್ತದೆ ಎಂದು ನಾವು ಹೇಳಲಾರೆವು. ಹೋಗದೆ ಉಳಿದರೆ ನಿಮ್ಮ ಪರವಾಗಿ ಮಾತಾಡುವವರು ಅಲ್ಲಿ ಇರುವುದಿಲ್ಲ, ಇಷ್ಟು ಮಾತ್ರ ಖಂಡಿತ. ಕಾನೂನು ನೆರವು ಕೇಂದ್ರದ ಬಾಗಿಲು ತಟ್ಟಿ. ನಿಮ್ಮ ಬದುಕಿನ ಗುರುತು ಯಾವ ಹಳೆಯ ಪುಸ್ತಕದಲ್ಲಿದೆಯೋ ಅದನ್ನು ಕೈಯಲ್ಲಿ ಹಿಡಿದು, ನಿಮ್ಮನ್ನು ಬಲ್ಲ ನೆರೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ.