ಹಂಚಿ ತಿಂದ ಮಾತ್ರೆ

ಆ ಸೋಮವಾರವೂ ಮಾರಮ್ಮನ ರಕ್ತದಲ್ಲಿ ಬಿಳಿ ಕಣಗಳು ಏರಿರಲಿಲ್ಲ. ಮೂರನೆಯ ಸುತ್ತಿನ ಔಷಧಿ ಆಗಲೇ ಒಂದು ಸಲ ಮುಂದಕ್ಕೆ ಹೋಗಿತ್ತು. ಡಾಕ್ಟರ್ ರವೀಂದ್ರ ರಿಪೋರ್ಟು ನೋಡಿ ತಲೆಯಲ್ಲಾಡಿಸಿದರು.

"ಇವತ್ತೂ ಕೊಡೋಕೆ ಆಗಲ್ಲಮ್ಮ. ಹೀಗೇ ಆದರೆ ಈ ಔಷಧಿ ನಿಲ್ಲಿಸಿಬಿಡಬೇಕಾಗುತ್ತೆ."

"ನಿಲ್ಸ್‌ಬುಟ್ರೆ ಗೆಡ್ಡೆ ತಿರುಗಾ ಬರಾಕಿಲ್ವಾ ಸಾಮಿ?"

"ಬರಬಹುದು. ಬರದೇ ಇರಲಿ ಅಂತಲೇ ಕೊಡ್ತಿರೋದು. ಆದರೆ ಬಿಳಿ ಕಣ ಇಲ್ಲದ ಮೈಗೆ ಕೊಟ್ಟರೆ ಗೆಡ್ಡೆಗಿಂತ ಮೊದಲು ಔಷಧಿಯೇ ಪ್ರಾಣ ತೆಗೆಯುತ್ತೆ."

ಮಾರಮ್ಮ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು ಹೊರಗೆ ಹೋದಳು. ಬಾಯಿ ತುಂಬ ಹುಣ್ಣಾಗಿ ಅವಳಿಗೆ ಹೆಚ್ಚು ಮಾತಾಡಲೂ ಆಗುತ್ತಿರಲಿಲ್ಲ.

ಇದು ತೊಂಬತ್ತನಾಲ್ಕರ ಮಾತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಎದೆಯ ಕ್ಯಾನ್ಸರಿಗೆ ಆಪರೇಷನ್ ಆದ ಹೆಂಗಸರ ಮೇಲೆ ಒಂದು ಪರೀಕ್ಷೆ ನಡೆಯುತ್ತಿತ್ತು. ಒಂದೇ ಔಷಧಿ ಸಾಲದೆಂದು ಮೂರನ್ನು ಕೂಡಿಸಿ ಕೊಡುವುದು ಆಗಲೇ ರೂಢಿಯಲ್ಲಿತ್ತು. ಯಾವ ಮೂರು ಕೂಡಿದರೆ ಹೆಚ್ಚು ಒಳ್ಳೆಯದು ಎಂಬುದನ್ನು ಕೆಲವು ಆಸ್ಪತ್ರೆಗಳು ಸೇರಿ ನೋಡುತ್ತಿದ್ದವು. ಒಂದು ಗುಂಪಿಗೆ ಮೂರೂ ಸೂಜಿಯಲ್ಲಿ. ಅದರಲ್ಲೊಂದು ಕೆಂಪು ನೀರು. ಇನ್ನೊಂದು ಗುಂಪಿಗೆ ಎರಡು ಸೂಜಿಯಲ್ಲಿ, ಮೂರನೆಯದು ಮನೆಯಲ್ಲಿ ನುಂಗುವ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಅಂಟಿಸಿಟ್ಟ ಲಕೋಟೆ ಒಡೆದಾಗ ಒಳಗೆ ಏನಿದೆಯೋ ಅದು.

ಲಕೋಟೆ ಒಡೆಯುವುದು, ಲೆಕ್ಕ ಇಡುವುದು, ಬಾರದವರನ್ನು ಊರಿಗೆ ಹೋಗಿ ಹುಡುಕುವುದು ನನ್ನ ಕೆಲಸ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರು ನನ್ನ ಪಾಲಿಗಿದ್ದರು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಗಂಡ ತೀರಿಕೊಂಡ ಮೇಲೆ ಸೇರಿದ ಕೆಲಸ. ಓಡಾಟ ಬಹಳ ಇತ್ತು, ಅದೇ ಅನುಕೂಲವಾಗಿತ್ತು.

ಮಾರಮ್ಮ ಹೋದ ಮೇಲೆ ಕ್ಯಾತನಹಳ್ಳಿಯ ಬೈರಮ್ಮ ಒಳಗೆ ಬಂದರು. ಕಬ್ಬಿನ ಗದ್ದೆ, ನಾಲ್ಕು ಎಮ್ಮೆ, ದೊಡ್ಡ ದನಿ. ಅವರದು ಮಾತ್ರೆಯ ಗುಂಪು. ಅವರ ರಿಪೋರ್ಟು ನೋಡಿ ಡಾಕ್ಟರ ಮುಖ ಅರಳಿತು.

"ಬೈರಮ್ಮ, ನಿಮ್ಮದು ಕಬ್ಬಿಣದ ಮೈ. ಔಷಧಿ ಬಿದ್ದದ್ದೇ ಗೊತ್ತಾಗ್ತಿಲ್ಲ."

"ಎಲ್ಲ ಮುದ್ದೆ ಮಯ್ಮೆ ಕಣ್ ಸಾಮಿ," ಎಂದು ಬೈರಮ್ಮ ಬೀಗಿದರು. ಮಾತ್ರೆಯ ಪೊಟ್ಟಣ ಇಸಿದುಕೊಂಡು, ಬಾಗಿಲಲ್ಲಿ ನಿಂತಿದ್ದ ಗಂಡ ಕೆಂಪಣ್ಣನವರಿಗೆ ಕೇಳುವಂತೆ ಇನ್ನೊಂದು ಸಲ ಹೇಳಿದರು. "ಕಬ್ಬಿಣವಂತೆ!"

"ಅದು ನಂಗೆ ಮದ್ವೆ ದಿನ್ವೇ ಗೊತ್ತಾಯ್ತು," ಎಂದರು ಕೆಂಪಣ್ಣ.

ಅವರು ಹೋದ ಮೇಲೆ ಡಾಕ್ಟರು ನನ್ನನ್ನು ಕರೆದರು. "ಆ ಮಾರಮ್ಮ ಊರಲ್ಲಿ ಯಾವುದೋ ನಾಟಿ ಔಷಧಿ ಕುಡೀತಿರಬೇಕು. ಇಲ್ಲದಿದ್ದರೆ ಕಣ ಇಷ್ಟು ಬೀಳೋದಿಲ್ಲ. ಇವತ್ತೇ ಅವಳ ಜೊತೆ ಹೋಗಿ ನೋಡಿಕೊಂಡು ಬನ್ನಿ."

ಮಾರಮ್ಮನ ಊರು ನಾಗಮಂಗಲ ದಾಟಿ ಬಿಂಡಿಗನವಿಲೆಯ ಕಡೆ. ಬೈರಮ್ಮ ಪಾಂಡವಪುರದಲ್ಲಿ ಇಳಿಯುವವರು. ಇಬ್ಬರಿಗೂ ಅದೇ ನಾಗಮಂಗಲದ ಬಸ್ಸು. ನಾನು ಹತ್ತುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ಬೈರಮ್ಮನ ಮನೆಯ ಪಡಸಾಲೆಗೆ ಮಾರಮ್ಮನ ಕೇರಿಯವರು ಕಾಲಿಡುವ ರೂಢಿ ಇರಲಿಲ್ಲ. ಬಸ್ಸಿನ ಸೀಟಿಗೆ ಅಂಥ ರೂಢಿ ಇರಲಿಲ್ಲ. ಲಕೋಟೆ ಒಡೆದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದವರು. ಆಗ 'ಗೌಡ್ರಮ್ಮಾರೆ' ಎನ್ನುತ್ತಿದ್ದ ಮಾರಮ್ಮ ಈಗ 'ಅಕ್ಕ' ಎನ್ನುತ್ತಿದ್ದಳು. ನಾನು ಅವರ ಹಿಂದಿನ ಸೀಟಿನಲ್ಲಿ, ಕೆಂಪಣ್ಣನವರ ಆಚೆ ತುದಿಗೆ ಕೂತೆ.

ಶ್ರೀರಂಗಪಟ್ಟಣ ದಾಟಿದ ಮೇಲೆ ಬೈರಮ್ಮ ಚೀಲ ಬಿಚ್ಚಿದರು. ಹುರಿದ ಕಡಲೆಕಾಯಿ, ಅಚ್ಚುಬೆಲ್ಲ. ಮೊದಲು ಮಾರಮ್ಮನಿಗೆ, ಆಮೇಲೆ ಹಿಂದೆ ತಿರುಗಿ ನನಗೆ, ಆಮೇಲೆ ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸಿಗೆ.

"ನಂಗೆ?" ಎಂದರು ಕೆಂಪಣ್ಣ.

"ಹಲ್ಲಿರೋರ್ಗೆ ಮೊದ್ಲು."

ಎಲ್ಲರಿಗೂ ಕೊಟ್ಟಾದ ಮೇಲೆ ಬೈರಮ್ಮ ಅದೇ ಕೈಯನ್ನು ಇನ್ನೊಂದು ಸಲ ಚೀಲಕ್ಕೆ ಹಾಕಿದರು. ಹೊರಗೆ ಬಂದದ್ದು ಆಸ್ಪತ್ರೆಯ ಮಾತ್ರೆಯ ಪೊಟ್ಟಣ. ಅದನ್ನು ಮಾರಮ್ಮನ ಮಡಿಲಿಗೆ ಹಾಕಿದರು.

"ಈ ಸಲ ಅರ್ದ ಬ್ಯಾಡ. ಪೂರ್ತಿ ನೀನೇ ಮಡಿಕ್ಕ."

"ನಿಂಗೆ ಅಕ್ಕ?"

"ನಂಗೇನಾಗದೆ? ಕಬ್ಬಿಣ ಅಂದ್ರಲ್ಲ. ನಿಂಗೆ ಪಾಪ ಸೂಜೀನೂ ಇಲ್ಲ, ಮಾತ್ರೇನೂ ಇಲ್ಲ ಅಂದ್ರೆ ಎಂಗಮ್ಮಿ ಆದದು? ತಿಂದು ವಸಿ ಕಣ ಏರುಸ್ಕ."

ಬಾಯಲ್ಲಿದ್ದ ಬೆಲ್ಲ ನುಂಗಿ ಮುಂದಕ್ಕೆ ಬಗ್ಗಿದೆ.

"ಬೈರಮ್ಮ," ಎಂದೆ. "ಮಾತ್ರೆ ಅವಳಿಗೆ ಯಾವಾಗಿಂದ ಕೊಡ್ತಿದೀರಿ?"

ಬೈರಮ್ಮ ತಿರುಗಿದರು. ಮುಖದಲ್ಲಿ ಅಂಜಿಕೆ ಇರಲಿಲ್ಲ. "ಮೊದ್ಲಿಂದ್ಲೂವೆ. ಅರ್ದ ಅವಳ್ಗೆ, ಅರ್ದ ನಂಗೆ. ಯಾಕ್ ಮೇಡಮ್ಮ?"

"ಅದು ನಿಮಗೆ ಕೊಟ್ಟದ್ದು!"

"ನಂಗೆ ಕೊಟ್ಟದ್ದು ಅಂತ ನಾನೊಬ್ಳೇ ತಿನ್ನಾದಾ? ಒಂದೇ ಬೆಂಚಲ್ಲಿ ಕುಂತಿರೋರು. ಅವಳು ನೋಡ್ತಾ ಇರೋದು, ನಾನು ನುಂಗೋದು. ನಾಯಿ ಅಂಗೆ ತಿನ್ನಾಕಿಲ್ಲ. ಅವಳ ಕೆಂಪು ನೀರ್ನ ಹಂಚ್ಕೊಳ್ಳಾಕೆ ಆಗಾಕಿಲ್ಲ ಅಂತ ಅವಳ್ಗೂ ಬೇಜಾರೈತೆ. ಅಲ್ವಾ ಮಾರಿ?"

ಮಾರಮ್ಮ ಹೌದೆಂದು ತಲೆಯಾಡಿಸಿದಳು. "ಅದ್ಕೇಯ ನಾನು ಹುರುಳಿ ತಂದ್ಕೊಡ್ತಿದ್ದೆ."

"ಹುರುಳಿ ಚೆಂದಾಗದೆ," ಎಂದರು ಕೆಂಪಣ್ಣ.

ಪಾಂಡವಪುರದಲ್ಲಿ ಮೂವರನ್ನೂ ಇಳಿಸಿದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಹೇಳಲು ಶುರು ಮಾಡಿದೆ. ಎರಡು ಗುಂಪು, ಹೋಲಿಕೆ, ಬೆರಕೆಯಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದೆಲ್ಲ ಹೇಳಿದೆ. ಇಬ್ಬರೂ ಮರ್ಯಾದೆಯಿಂದ ಕೇಳಿದರು. ಒಂದು ಮಾತೂ ಒಳಗೆ ಹೋಗಲಿಲ್ಲ.

"ಅದೆಲ್ಲ ನಿಮ್ಮ ಲೆಕ್ಕ," ಎಂದರು ಬೈರಮ್ಮ. "ಇವಳು ಬದುಕೋದು ಬ್ಯಾಡ್ವಾ?"

"ಬದುಕಲಿ ಅಂತಲೇ ಹೇಳ್ತಿರೋದು. ಮಾರಮ್ಮನ ಸೂಜಿಯಲ್ಲಿ ಮೂರು ಔಷಧಿ ಇದೆ. ಅದರಲ್ಲಿ ಒಂದು ಇದೇ. ನಿಮ್ಮ ಮಾತ್ರೆಯಲ್ಲಿ ಇರೋದನ್ನೇ ಅವಳಿಗೆ ನೀರು ಮಾಡಿ ಕೊಡ್ತಾರೆ."

ಬೈರಮ್ಮ ನನ್ನನ್ನೇ ನೋಡಿದರು. "ಇದೇಯ?"

"ಇದೇ."

"ಅಂದ್ರೆ ಇವಳ ಎಲೆಗೆ ಮೊದ್ಲೇ ಬಡ್ಸಿದ್ರಾ?"

"ಹೊಟ್ಟೆ ತುಂಬುವಷ್ಟು."

"ಅದ್ರ ಮ್ಯಾಲೆ ನಾನು ಬಡ್ಸದ್ನಾ?"

"ಹೌದು. ಅದಕ್ಕೇ ಕಣ ಬಿದ್ದದ್ದು, ಬಾಯಿ ಹುಣ್ಣಾದದ್ದು. ನಿಮಗೆ ಅರ್ಧಹೊಟ್ಟೆ, ಅದಕ್ಕೇ ಕಬ್ಬಿಣ."

ಬೈರಮ್ಮ ಮಾರಮ್ಮನ ಮುಖ ನೋಡಲಾರದೆ, ಎದುರಿಗೆ ನಿಂತಿದ್ದ ಟ್ರಾಕ್ಟರಿನ ಚಕ್ರ ನೋಡುತ್ತ ಕೂತರು. ಕಡೆಗೆ ಮಾರಮ್ಮನೇ ಅಂದಳು:

"ಓಗ್ಲಿ ಬುಡಕ್ಕ. ನೀನೇನು ವಿಸ ಇಕ್ದ್ಯಾ? ಪಿರೂತಿಗೆ ಇಕ್ದೆ."

"ತತ್ತಾ ಇಲ್ಲಿ ಪೊಟ್ಣ."

"ಕೊಟ್ಟಿದ್ದ ವಾಪಸ್ ಕೇಳೀಯಾ? ಗೌಡ್ತಿ ಅಂತೆ!"

"ಏ, ತತ್ತಾರಮ್ಮಿ!" ಬೈರಮ್ಮ ಪೊಟ್ಟಣ ಕಿತ್ತುಕೊಂಡು ರವಿಕೆಯೊಳಗೆ ಸೇರಿಸಿದರು. ಕಣ್ಣು ತುಂಬಿದ್ದವು. ಮಾರಮ್ಮ ಹುಣ್ಣಿನ ಬಾಯಲ್ಲೇ ನಗುತ್ತಿದ್ದಳು.

ನಾನು ಬಿಂಡಿಗನವಿಲೆಗೆ ಹೋಗುವ ಅಗತ್ಯ ಉಳಿಯಲಿಲ್ಲ. ಆದರೆ ಡಾಕ್ಟರಿಗೆ ತಿಳಿಸುವುದಿತ್ತು. ಅವರಿಗೆ ಹೇಳಬೇಡಿ, ಇಬ್ಬರನ್ನೂ ಓಡಿಸಿಬಿಡುತ್ತಾರೆ ಎಂದು ಬೈರಮ್ಮ ಕೈ ಹಿಡಿದರು. ಹೇಳದಿದ್ದರೆ ಮಾರಮ್ಮನ ಮೈಗೆ ಔಷಧಿ ಒಗ್ಗಲಿಲ್ಲವೆಂದು ನಿಲ್ಲಿಸಿಬಿಡುತ್ತಾರೆ ಎಂದೆ. ಅದನ್ನು ಕೇಳಿ ಬೈರಮ್ಮ ಕೈ ಬಿಟ್ಟರು.

"ಅಂಗಾದ್ರೆ ನಾನೇ ಯೋಳ್ತೀನಿ. ನೀವು ಸುಮ್ಕಿರಿ."

ಡಾಕ್ಟರಿಗೆ ಮಾರನೆಯ ದಿನ ನಾನು ಇಷ್ಟೇ ಹೇಳಿದೆ: ನಾಟಿ ಔಷಧಿಯಲ್ಲ, ಕಾರಣ ತಿಳಿದಿದೆ, ಈಗ ನಿಂತಿದೆ, ಸೋಮವಾರ ಅವರೇ ಬಂದು ಹೇಳುತ್ತಾರೆ.

ಸೋಮವಾರ ಬೈರಮ್ಮ ಹೇಳಿದರು. ಎಲ್ಲವನ್ನೂ, ಹುರುಳಿಯನ್ನೂ ಬಿಡದೆ. ಡಾಕ್ಟರ್ ರವೀಂದ್ರರ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಾಯಿತು.

"ನಿಮಗೆ ಗೊತ್ತೇನ್ರೀ ಏನು ಮಾಡಿದ್ದೀರಿ ಅಂತ? ಇವಳು ಸತ್ತೇ ಹೋಗ್ತಿದ್ದಳು! ನನ್ನ ಪರೀಕ್ಷೆ ಬೇರೆ ಕೆಡ್ತು. ಇಬ್ಬರನ್ನೂ ಇದರಿಂದ ತೆಗೆದುಹಾಕಿ," ಎಂದು ನನ್ನ ಕಡೆ ತಿರುಗಿದರು.

ಪರೀಕ್ಷೆಯಲ್ಲಿ ಇರುವವರೆಗೆ ಮಾರಮ್ಮನಿಗೆ ಔಷಧಿ ಬಿಟ್ಟಿ ಸಿಗುತ್ತಿತ್ತು. ಹೊರಗೆ ಹೋದರೆ ಆ ಕೆಂಪು ನೀರನ್ನು ಅವಳು ಕೊಳ್ಳುವ ಮಾತೇ ಇರಲಿಲ್ಲ.

"ತೆಗೆಯೋಕೆ ಬರೋದಿಲ್ಲ ಸಾರ್," ಎಂದೆ.

"ಏನು?"

"ಲಕೋಟೆ ಒಡೆದ ಮೇಲೆ ಯಾರನ್ನೂ ಬಿಡುವ ಹಾಗಿಲ್ಲ. ಯಾವ ಗುಂಪಿಗೆ ಬಂದರೋ ಅದರಲ್ಲೇ ಎಣಿಸಬೇಕು, ಆಮೇಲೆ ಏನು ತಿಂದಿರಲಿ, ಏನು ಬಿಟ್ಟಿರಲಿ. ಸರಿಯಾಗಿ ನಡೆದುಕೊಂಡವರನ್ನು ಮಾತ್ರ ಉಳಿಸಿಕೊಂಡರೆ ಹೋಲಿಕೆಯೇ ಸುಳ್ಳಾಗುತ್ತೆ. ನಿಯಮಕ್ಕೆ ನೀವೇ ಒಪ್ಪಿದ್ದೀರಿ."

"ನಿಯಮ ನನಗೂ ಗೊತ್ತು ಕಣಮ್ಮ," ಎಂದರು. ಗೊತ್ತಿತ್ತು, ಸಿಟ್ಟಿನಲ್ಲಿ ಮರೆತಿದ್ದರು.

ಬೈರಮ್ಮನಿಗೆ ಧೈರ್ಯ ಬಂತು. "ಮೇಡಮ್ಮ ಯೋಳೋದು ನ್ಯಾಯ್ವಾಗದೆ ಸಾಮಿ. ತಾಳಿ ಕಟ್ಟುಸ್ಕೊಂಡು ಮನೆಗ್ ಬಂದ್ಮೇಲೆ, ಸಾರ್ಗೆ ಉಪ್ಪು ಜಾಸ್ತಿ ಆಕುದ್ಲು ಅಂತ ಸೊಸೇನ ಲೆಕ್ಕದಿಂದ ತಗ್ದಾರಾ?"

ಡಾಕ್ಟರು ತುಟಿ ಬಿಗಿಹಿಡಿದರು. ನಗು ತಡೆಯಲಾಗಲಿಲ್ಲ. ಮುಖ ತಿರುಗಿಸಿಕೊಂಡು ನಕ್ಕರು.

"ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿ," ಎಂದು ನನಗೆ ಹೇಳಿದರು. "ಇನ್ನು ನೀವಿಬ್ಬರೂ ಕೇಳಿ. ಕಡಲೆಕಾಯಿ ಹಂಚಿಕೊಳ್ಳಿ, ಹುರುಳಿ ಹಂಚಿಕೊಳ್ಳಿ, ಕಷ್ಟಸುಖ ಹಂಚಿಕೊಳ್ಳಿ. ಮಾತ್ರೆ ಮಾತ್ರ ಹಂಚಿದರೆ ನಾನೇ ಊರಿಗೆ ಬಂದು ಬೈತೀನಿ."

"ಬನ್ನಿ ಸಾಮಿ. ಕೋಳಿ ಕುಯ್ಸ್ತೀನಿ," ಎಂದರು ಕೆಂಪಣ್ಣ.

ಆ ದಿನದ ರಿಪೋರ್ಟಿನಲ್ಲಿ ಮಾರಮ್ಮನ ಕಣ ಏರಿತ್ತು, ಸಾಕಾಗುವಷ್ಟಲ್ಲ. ಇನ್ನೊಂದು ವಾರ ಕಾಯಬೇಕಾಯಿತು. ಆ ವಾರ ನಾನು ಗೋವಿಂದನಹಳ್ಳಿಯ ಕಡೆ ಬೇರೊಬ್ಬರನ್ನು ಹುಡುಕಿಕೊಂಡು ತಿರುಗುತ್ತಿದ್ದೆ; ತಲೆಯಲ್ಲಿ ಮಾತ್ರ ಅವಳ ಬಿಳಿ ಕಣಗಳೇ ಇದ್ದವು. ಗಂಡ ಹೋದ ಮೇಲೂ ಅಂಥ ಕಾಯುವಿಕೆ ನನ್ನಲ್ಲಿ ಉಳಿದಿದೆಯೆಂದು ತಿಳಿದಿರಲಿಲ್ಲ.

ಮುಂದಿನ ಸೋಮವಾರ ಲ್ಯಾಬಿನಿಂದ ಚೀಟಿಯನ್ನು ನಾನೇ ತಂದೆ. ಡಾಕ್ಟರು ಅದನ್ನು ನೋಡಿ, ಮಾರಮ್ಮನನ್ನು ನೋಡಿ, "ಮಂಚ ಹತ್ತಮ್ಮ," ಎಂದರು.

ಕೆಂಪು ನೀರು ನಳಿಗೆಯಲ್ಲಿ ಇಳಿಯತೊಡಗಿತು. ಬೈರಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು, ಹಾಲು ಕರೆಯುವಾಗ ಪಾತ್ರೆ ತುಂಬುವುದನ್ನು ನೋಡುವ ಹಾಗೆ ಅದನ್ನೇ ನೋಡುತ್ತಿದ್ದರು. ಅವರ ಮುಖ ಬಾಡಿತ್ತು. ಪೂರ್ತಿ ಮಾತ್ರೆ ನುಂಗುವ ಮೊದಲ ಸುತ್ತು ಅದು.

"ಎಲ್ಲ ತಿರುಗ್ತದೆ ಕಣಮ್ಮಿ. ಬೆಳಿಗ್ಗೆ ಮುದ್ದೆ ಕಂಡ್ರೆ ಆಗ್ನಿಲ್ಲ. ಇದ್ನೇಯಾ ನೀನು ಸೂಜಿ ಮ್ಯಾಲೆ ನುಂಗ್ತಿದ್ದದ್ದು?"

"ನೀನೇ ಅಲ್ವಾ ಇಕ್ದೋಳು."

"ಯಾಕೆ ನುಂಗ್ದೆ? ಒಲ್ಲೆ ಅನ್ಬೇಕಾಗಿತ್ತು."

"ಇಕ್ದೋರ್ ಮುಂದೆ ಒಲ್ಲೆ ಅಂತಾರಾ?"

ಸಂಜೆ ಅವರ ಜೊತೆ ನಾನೂ ಬಸ್ಸಿಗೆ ಹೊರಟೆ. ಮಾರನೆಯ ದಿನ ನಾಗಮಂಗಲದಲ್ಲಿ ಕೆಲಸವಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬೈರಮ್ಮ ಒಂದು ಮಾರು ಕಾಕಡ ಹೂವು ಕೊಂಡು ಮೂರು ತುಂಡು ಮಾಡಿದರು. ಒಂದನ್ನು ತಾವು ಮುಡಿದರು, ಒಂದನ್ನು ಮಾರಮ್ಮನಿಗೆ ಚಾಚಿದರು.

"ಎಲ್ಲಿ ಮುಡೀಲಕ್ಕ, ಕೂದ್ಲೆಲ್ಲಿ?"

"ಕಿವಿಗೆ ಸಿಗ್ಸ್ಕ."

ಮೂರನೆಯ ತುಂಡು ನನ್ನ ಕಡೆ ಬಂತು. ನಾನು ಹೂ ಮುಡಿಯುವುದನ್ನು ಯಾಕೆ ಬಿಟ್ಟೆನೆಂದು ಅವರಿಗೆ ಗೊತ್ತಿತ್ತು. "ಇಡ್ಕಳಿ ಮೇಡಮ್ಮ. ಮೂರು ಮಾಡಾಗದೆ," ಎಂದರು. ಹಿಡಿದುಕೊಂಡೆ.

ಬಸ್ಸು ಶ್ರೀರಂಗಪಟ್ಟಣ ದಾಟಿತು. ಮಾತ್ರೆಯ ಹೊತ್ತಾಗಿತ್ತು. ಬೈರಮ್ಮ ಎಲ್ಲರ ಮುಂದೆ ಒಬ್ಬರೇ ತಿನ್ನುವ ನಾಚಿಕೆಗೆ ಕಿಟಕಿಯ ಕಡೆ ತಿರುಗಿ, ಸೆರಗಿನ ಮರೆಯಲ್ಲಿ ಮಾತ್ರೆ ಬಾಯಿಗೆ ಹಾಕಿಕೊಂಡರು. ಮಾರಮ್ಮ ಅವರ ಗದ್ದ ಹಿಡಿದು ಈಚೆ ತಿರುಗಿಸಿದಳು.

"ತಗಿ ಬಾಯ. ನೋಡಾನ."

"ಏ ಸುಮ್ಕಿರಮ್ಮಿ, ಜನ ನೋಡ್ತಾವ್ರೆ."

"ನೋಡ್ಲಿ. ನಾಲ್ಗೆ ಎತ್ತು. ಅಡೀಲಿ ಮಡಿಕ್ಕೊಂಡಿದ್ದೀಯೇನೋ."

ಬೈರಮ್ಮ ಬಾಯಿ ತೆರೆದು ನಾಲಿಗೆ ಎತ್ತಿದರು. ಅಕ್ಕಪಕ್ಕದ ಸೀಟಿನವರೆಲ್ಲ ಬಗ್ಗಿ ನೋಡಿದರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರೂ ನಿಂತು ನೋಡಿದ.

"ನಲವತ್ತು ವರ್ಸದಿಂದ ನಂಗೆ ಈ ಬಾಯ ಮುಚ್ಸಾಕೆ ಆಗ್ನಿಲ್ಲ," ಎಂದು ಕೆಂಪಣ್ಣ ಬಸ್ಸಿಗೆಲ್ಲ ಕೇಳುವಂತೆ ಹೇಳಿದರು. "ತಗ್ಸೋಳು ಬೇರೆ ಸಿಕ್ಕವ್ಳೆ ನೋಡ್ಲಾ!"

"ನುಂಗವ್ಳೆ," ಎಂದು ಮಾರಮ್ಮ ನನಗೆ ವರದಿ ಒಪ್ಪಿಸಿದಳು.