ಕೂತಲ್ಲಿ ಕೂರದ ತಿರೇಸಾ

ಮಕ್ಕಳ ಭಾನುವಾರಕ್ಕೆ ಇನ್ನು ಒಂಬತ್ತೇ ದಿನ! ದೂರದ ಕಡಲ ನಡುವಿನ ಸವಾಯಿ ದ್ವೀಪದ ಒಂದು ಊರಲ್ಲಿ ಎಲ್ಲಿ ನೋಡಿದರೂ ಬಿಳಿ ಬಟ್ಟೆ ಹೊಲಿಯುವ ಸಡಗರ. ಅಂದು ಮಕ್ಕಳು ಒಬ್ಬೊಬ್ಬರಾಗಿ ಚರ್ಚಿನಲ್ಲಿ ಎದ್ದು ನಿಂತು ದೇವರ ವಚನ ಹೇಳಬೇಕು. ಆಮೇಲೆ ಊಟವೂ ಅವರಿಗೇ ಮೊದಲು. ಸಾವಲಿ ಅಜ್ಜಿಯ ಮನೆಯಲ್ಲಿ ಮಾತ್ರ ರಗಳೆ. ಎಂಟು ವರ್ಷದ ಮೊಮ್ಮಗಳು ತಿರೇಸಾಳನ್ನು ಚಾಪೆಯ ಮೇಲೆ ಕೂರಿಸಿ ವಚನ ಹೇಳಿಕೊಟ್ಟರೆ, ಎರಡನೆಯ ಸಾಲಿಗೇ ಎದ್ದು ಹಂದಿಮರಿಯ ಹಿಂದೆ ಓಡುತ್ತಿದ್ದಳು.

ಅಜ್ಜಿ ಗದರಿದಳು, ಹೊಡೆದಳು. ದೆವ್ವ ಮೆಟ್ಟಿರಬಹುದೆಂದು ಎಣ್ಣೆ ತಿಕ್ಕಿಸಿದ್ದೂ ಆಯಿತು. ಅವಳು ಹೆಂಗಸರ ಸಮಿತಿಯ ಹಿರಿಯಳು. ಊರವರ ಮನೆ ಹೊಕ್ಕು ಅಚ್ಚುಕಟ್ಟು ನೋಡಿ ತೀರ್ಪು ಹೇಳುವವಳು. ಸ್ವಂತ ಮೊಮ್ಮಗಳೇ ತಡವರಿಸಿದರೆ ಮುಖ ಎಲ್ಲಿಟ್ಟುಕೊಳ್ಳುವುದು? ಈ ಸಲ ಹುಡುಗಿ ಮನೆಯಲ್ಲೇ ಇರಲಿ ಎಂದುಬಿಟ್ಟಳು. ತಿರೇಸಾ ಹೊಸ ಬಟ್ಟೆಯನ್ನು ಅವುಚಿಕೊಂಡು ಅತ್ತಳು.

ಕೂಸುಗಳ ತೂಕ ನೋಡಲು ಬಂದಿದ್ದ ನರ್ಸ್ ಪೆಲೆ ಆ ಅಳು ಕೇಳಿ ಒಳಬಂದಳು. ಎಷ್ಟು ವರ್ಷದಿಂದ ಹೀಗೆ, ಶಾಲೆಯಲ್ಲೂ ಹೀಗೆಯೇ, ಆಟದಲ್ಲಿ ಸರದಿ ಕಾಯುತ್ತಾಳೆಯೇ ಎಂದೆಲ್ಲ ವಿಚಾರಿಸಿದಳು.

"ಅಮ್ಮಾ, ಇದು ಹಟ ಅಲ್ಲ, ದೆವ್ವಾನೂ ಅಲ್ಲ. ಕೆಲವು ಮಕ್ಕಳ ಮಿದುಳು ಬೆಳೆಯೋ ರೀತೀನೇ ಬೇರೆ. ಒಬ್ಬರಿಗೆ ಗಮನ ನಿಲ್ಲೋಲ್ಲ, ಒಬ್ಬರಿಗೆ ಮಾತು ತಡ, ಇನ್ನೊಬ್ಬರಿಗೆ ಜನರ ಜೊತೆ ಬೆರೆಯೋದೇ ಕಷ್ಟ. ಯಾರ ತಪ್ಪೂ ಅಲ್ಲ. ಇವಳದು ಏನು ಅಂತ ಡಾಕ್ಟರೇ ನೋಡಿ ಹೇಳಬೇಕು."

"ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ ಕಣಮ್ಮ. ಎರಡು ಬಿಟ್ರೆ ಸರಿಹೋಗ್ತಿತ್ತು."

"ಇತ್ತಮ್ಮಾ. ಏಟು ತಿಂದು ಶಾಲೆ ಬಿಡ್ತಿದ್ರು, ಅಷ್ಟೆ."

ಮೂರನೇ ತರಗತಿಗೇ ಶಾಲೆ ಬಿಟ್ಟ ತಮ್ಮನ ನೆನಪಾಗಿ ಅಜ್ಜಿ, ಹಾಗಾದರೆ ಏನು ಮಾಡಲಿ ಎಂದು ಕೇಳಿದಳು.

ಕೂರಿಸಬೇಡಿ, ಕೆಲಸ ಮಾಡುತ್ತಲೇ ಒಂದೊಂದು ಸಾಲು ಕಲಿಸಿ, ಬಂದಷ್ಟಕ್ಕೆ ಶಭಾಷ್ ಎನ್ನಿ ಎಂದು ಹೇಳಿ ಪೆಲೆ ಹೊರಟಳು. ಮರುದಿನದಿಂದ ಅಂಗಳದಲ್ಲಿ ಬಿದ್ದ ದೀವಿಹಲಸಿನ ಎಲೆ ಆರಿಸುತ್ತಾ ಪಾಠ ನಡೆಯಿತು. ಒಂದು ಬುಟ್ಟಿ ತುಂಬುವಷ್ಟರಲ್ಲಿ ಒಂದು ಸಾಲು. ಏಳನೆಯ ದಿನ ಐದೂ ಸಾಲು ಬಂದುಬಿಟ್ಟವು! ಅಜ್ಜಿಗೆ ಖುಷಿಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುಡುಗಿಯೂ ಚರ್ಚಿಗೆ ಬರಲಿ ಎಂದಳು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ತಿರೇಸಾ ಕುಣಿಕುಣಿಯುತ್ತಲೇ ಮೂರು ಸಾಲು ಹೇಳಿ, ನಾಲ್ಕನೆಯದನ್ನು ಹಾರಿಸಿ, ಐದನೆಯದನ್ನು ಗಟ್ಟಿಯಾಗಿ ಕೂಗಿ ಓಡಿಬಂದಳು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಅಜ್ಜಿ ಅವರತ್ತ ತಿರುಗಿಯೂ ನೋಡದೆ ಮೊಮ್ಮಗಳನ್ನು ಬಾಚಿ ತಬ್ಬಿಕೊಂಡಳು.

ಮರುದಿನ ಸಮಿತಿಯವರು ಮನೆಮನೆ ನೋಡಲು ಹೊರಟಾಗ ಅಜ್ಜಿ ಬಾಗಿಲು ಬಾಗಿಲಲ್ಲೂ ನಿಂತು ಹೊಸದೊಂದು ಮಾತು ಕೇಳಿದಳು. "ನಿಮ್ಮನೇಲಿ ಕೂತಲ್ಲಿ ಕೂರದ ಮಗು ಇದೆಯಾ? ಮಾತು ಬಾರದ್ದು? ಬಡೀಬೇಡಿ, ಬಚ್ಚಿಡಬೇಡಿ. ಬುಧವಾರದ ಹಡಗಿಗೆ ನಾನೂ ತಿರೇಸಾನೂ ದೊಡ್ಡಾಸ್ಪತ್ರೆಗೆ ಹೋಗ್ತಿದೀವಿ. ಜೊತೆಗೆ ಬನ್ನಿ."

ಅದೇ ಮಾತನ್ನು ಆರೋಗ್ಯ ಕೇಂದ್ರದವರಾದ ನಾವು ಈಗ ನಿಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಅಂಥ ಮಗು ಇದ್ದರೆ ಈ ವಾರವೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಬನ್ನಿ.